ನೆಗೆಣ್ಣಿಗೆ ಮೆಮೊ

ಮುಂದಿನ ತಿಂಗಳ ಡ್ಯೂಟಿ ಲಿಸ್ಟನ್ನು ಸಂಧ್ಯಾ ದವಾಖಾನೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದು ಜಮಖಂಡಿಯಿಂದ ರಬಕವಿಗೆ ಬರುವ ಬಸ್ಸಿನಲ್ಲಿ ಕೂತಾಗ. ಬಸ್ಸಿಳಿದು, ದಾರಿಯಲ್ಲಿ ಬದನೆಕಾಯಿ ಕೊಂಡು ಅವಳು ಮನೆ ಮುಟ್ಟುವಷ್ಟರಲ್ಲಿ, ಲಿಸ್ಟು ಅವಳಿಗಿಂತ ಮೊದಲೇ ಮನೆ ಹೊಕ್ಕು ಅಡುಗೆಮನೆಯ ತನಕ ಹೋಗಿಯಾಗಿತ್ತು.

ಪ್ರತಿಮಾ ರೊಟ್ಟಿ ಬಡಿಯುತ್ತಿದ್ದಳು. ಬಡಿತದ ಸದ್ದು ಮುಂದಿನ ಕೋಣೆಯ ಪಾವರ್‌ಲೂಮಿನ ಸದ್ದನ್ನೂ ದಾಟಿ ಕೇಳುತ್ತಿತ್ತು.

"ಬಂದ್ರೇನ್ರಿ, ಮೇಡಂ?" ಎಂದಳು ತಿರುಗಿ ನೋಡದೆ.

ಸಂಧ್ಯಾ ಮತ್ತು ಪ್ರತಿಮಾ ನೆಗೆಣ್ಣಿಯರು. ಸಂಧ್ಯಾ ಹಿರಿಯ ಮಗ ಜ್ಞಾನೇಶ್ವರನ ಹೆಂಡತಿ, ಪ್ರತಿಮಾ ಕಿರಿಯ ಮಗ ಶಿವಾಜಿಯ ಹೆಂಡತಿ. ಇಬ್ಬರೂ ಜಮಖಂಡಿಯ ಒಂದೇ ಖಾಸಗಿ ದವಾಖಾನೆಯಲ್ಲಿ ನರ್ಸು. ಮನೆಯಲ್ಲಿ ಪ್ರತಿಮಾ ಅಕ್ಕ ಎಂದೇ ಕರೆಯುತ್ತಿದ್ದಳು. ದೀಪಾವಳಿ ಆದಮೇಲೆ ಸಂಧ್ಯಾ ನರ್ಸುಗಳ ಇನ್‌ಚಾರ್ಜ್ ಆದಳು. ಅಂದಿನಿಂದ ದವಾಖಾನೆಯಲ್ಲಿ ಮೇಡಂ ಎನ್ನಬೇಕಾಯಿತು. ಆ ಮೇಡಂ ಈಗ ಅಡುಗೆಮನೆಗೂ ಬಂದಿತ್ತು.

"ಏನಾತು?" ಎಂದಳು ಸಂಧ್ಯಾ, ಬದನೆಕಾಯಿ ಬುಟ್ಟಿಗೆ ಹಾಕುತ್ತ.

"ಏನಿಲ್ಲರಿ. ಮತ್ತ ನೈಟ್ ಬಂದೈತಿ. ಹೋದ ತಿಂಗಳೂ ನಂದ, ಈ ತಿಂಗಳೂ ನಂದ. ಉಳದವ್ರಿಗೆ ರಾತ್ರಿ ಕಣ್ಣ ಕಾಣೂದಿಲ್ಲೇನ್ರಿ?"

"ದವಾಖಾನಿ ಮಾತು ದವಾಖಾನ್ಯಾಗ ಕೇಳ. ಮನ್ಯಾಗ ನಾ ಉತ್ತರ ಕೊಡೂದಿಲ್ಲ."

"ಕೂಸು ಮನ್ಯಾಗ ಐತಿರಿ. ದವಾಖಾನ್ಯಾಗ ಇಲ್ಲ."

ಪ್ರತಿಮಾಳ ಕೂಸು ವೀರೇಶ ಪಡಸಾಲೆಯಲ್ಲಿ ಅಜ್ಜಿ ಕರೆವ್ವನ ತೊಡೆಯ ಮೇಲೆ ಇತ್ತು. ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ತಾಯಿಯ ದನಿ ಏರಿದ್ದು ಕೇಳಿ ಅತ್ತಿತು. ಕರೆವ್ವ ಅದನ್ನು ತಟ್ಟುತ್ತ ಒಳಗೆ ಕೂಗಿದಳು: "ರೊಟ್ಟಿ ಹೊತ್ತಾಕತ್ತೈತಿ, ಬಾಯಿ ಆಮ್ಯಾಲ ಬಡಕೊಳ್ರಿ."

ಅವತ್ತು ಊಟಕ್ಕೆ ಕೂತಾಗ ಶಿವಾಜಿ ಶೇಂಗಾ ಹಿಂಡಿಗೆ ಎಣ್ಣೆ ಹಾಕಿಕೊಳ್ಳುತ್ತ, "ವೈನಿ, ಒಂದ ವಾರಾನರ ತಗೀಲಿಕ್ಕ ಬರೂದಿಲ್ಲೇನ್ರಿ?" ಎಂದು ಅತ್ತಿಗೆಯನ್ನು ಕೇಳಿದ. ಅವನು ಬನಹಟ್ಟಿಯ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸದಲ್ಲಿದ್ದ. ಗಿರಾಕಿಯ ಜೊತೆ ಮಾತಾಡಿದಂತೆಯೇ ಮನೆಯಲ್ಲೂ ಮೆತ್ತಗೆ ಮಾತಾಡುತ್ತಿದ್ದ.

"ತಗದ್ರ ಇನ್ನೊಬ್ಬಾಕಿಗೆ ಹಾಕಬೇಕು. ಆಕಿಗೂ ಗಂಡ ಇರ್ತಾನ, ಬಂದು ಕೇಳ್ತಾನ."

ಶಿವಾಜಿ ಗಂಟಲಿಗೆ ನೀರು ಸುರಿದುಕೊಂಡು ಎದ್ದುಹೋದ.

ಮರುದಿನ ಪ್ರತಿಮಾ ದವಾಖಾನೆಯಲ್ಲೇ ಕೇಳಿದಳು. ವಾರ್ಡಿನ ಹೊರಗೆ, ಔಷಧಿ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಸಂಧ್ಯಾಳ ಎದುರು ನಿಂತು, "ಮೇಡಂ, ಕೂಸು ರಾತ್ರಿಯಲ್ಲಾ ಅಳತೈತಿರಿ. ಅತ್ತಿಗೂ ಆಗವಲ್ದು. ಎರಡ ತಿಂಗಳ ನನಗ ನೈಟ್ ಬ್ಯಾಡ್ರಿ" ಎಂದಳು.

"ಮನಿ ತಾಪತ್ರಯ ಇಲ್ಲಿ ತರಬ್ಯಾಡ."

"ಮನ್ಯಾಗ ಕೇಳಿದ್ರ ದವಾಖಾನ್ಯಾಗ ಕೇಳ ಅಂತೀರಿ. ಇಲ್ಲಿ ಕೇಳಿದ್ರ ಮನಿದು ತರಬ್ಯಾಡ ಅಂತೀರಿ. ನಡಬರಕ ಬಸ್‌ನ್ಯಾಗ ಕೇಳಬೇಕೇನ್ರಿ?"

ಡ್ಯೂಟಿ ರೂಮಿನ ಬಾಗಿಲಲ್ಲಿ ಶೇವಂತಿ ನಿಂತು ಕೇಳುತ್ತಿದ್ದಳು. ಸಂಧ್ಯಾಳಿಗೆ ಅದು ಗೊತ್ತಿತ್ತು. ಆ ದವಾಖಾನೆಯಲ್ಲಿ ಎಲ್ಲರಿಗಿಂತ ಹಳಬಳು ಶೇವಂತಿ. ಇನ್‌ಚಾರ್ಜ್ ಆಗಬೇಕಾದವಳು ಅವಳೇ ಎಂದು ಎಲ್ಲರೂ ತಿಳಿದಿದ್ದರು, ಅವಳೂ ತಿಳಿದಿದ್ದಳು. ಸಂಧ್ಯಾ ಮೊದಲ ತಿಂಗಳ ಲಿಸ್ಟಿನಲ್ಲಿ ಕೂಸಿನ ಸಲುವಾಗಿ ಪ್ರತಿಮಾಳಿಗೆ ಬರೀ ಬೆಳಗಿನ ಪಾಳಿ ಹಾಕಿದಾಗ, ಶೇವಂತಿ ಎಲ್ಲರ ಎದುರಿಗೇ, "ನಮ್ಮ ಮನ್ಯಾಗೂ ಒಬ್ಬಾಕಿ ಇನ್‌ಚಾರ್ಜ್ ಇದ್ದಿದ್ರ ನಮಗೂ ಮಾರ್ನಿಂಗ್ ಸಿಗತಿತ್ತು" ಎಂದಿದ್ದಳು. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದರು. ಆ ನಗು ಸಂಧ್ಯಾಳ ಕಿವಿಯಿಂದ ಹೋಗಿರಲಿಲ್ಲ. ಅಂದಿನಿಂದ ಅವಳು ಪ್ರತಿಮಾಳ ಹೆಸರನ್ನು ಮೊದಲು ನೈಟಿಗೆ ಬರೆದು, ಆಮೇಲೆ ಉಳಿದವರನ್ನು ತುಂಬುತ್ತಿದ್ದಳು.

"ಲಿಸ್ಟ್ ಬದಲಾಗೂದಿಲ್ಲ. ಎಲ್ಲಾರಿಗೂ ಒಂದ ರೂಲ್ಸ್," ಎಂದು ಶೇವಂತಿಗೂ ಕೇಳುವಂತೆ ಹೇಳಿದಳು.

ಪ್ರತಿಮಾ ನೈಟಿಗೆ ಹೋದಳು. ಸಂಜೆ ರೊಟ್ಟಿ ಮುಗಿಸಿ, ಕೂಸಿಗೆ ಹಾಲು ಕುಡಿಸಿ, ಅದು ನೋಡದಂತೆ ಹಿತ್ತಲ ಬಾಗಿಲಿನಿಂದ ಬಸ್ಸಿಗೆ ಓಡುತ್ತಿದ್ದಳು. ಬೆಳಿಗ್ಗೆ ಬಂದು ಮಲಗಿದರೆ ಗೋಡೆಯಾಚೆ ಜ್ಞಾನೇಶ್ವರನ ಮಗ್ಗಗಳು. ಅವನಿಗೆ ವ್ಯಾಪಾರಿ ಹೇಳಿದ ದಿನಕ್ಕೆ ಸೀರೆ ಕೊಡಬೇಕು. ಕರೆಂಟ್ ಇದ್ದಾಗಲೇ ನೇಯಬೇಕು. ಕೂಸು ಎಚ್ಚರಾದರೆ ಅವಳೂ ಏಳಬೇಕು. ಕಣ್ಣು ಕೆಂಪಗೆ ಮಾಡಿಕೊಂಡು ಅರಿವೆ ಒಗೆಯುತ್ತ ಕೂತಿದ್ದ ನೆಗೆಣ್ಣಿಯನ್ನು ನೋಡಿ ಸಂಧ್ಯಾಳಿಗೆ ಮರುಕ ಬರಲಿಲ್ಲ, ಸಿಟ್ಟು ಬಂತು. ತಾನೂ ಇದೇ ಮನೆಯಲ್ಲಿ, ಇದೇ ಸದ್ದಿನಲ್ಲಿ, ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದವಳು. ಮಗಳು ಸ್ನೇಹಾ ಹುಟ್ಟಿದ ಮೂರನೇ ತಿಂಗಳಿಗೇ ನೈಟ್ ಮಾಡಿದವಳು. ಆಗ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಹಾಲು ಕಟ್ಟಿ ಎದೆ ಕಲ್ಲಾದಾಗ ದವಾಖಾನೆಯ ಬಾತ್‌ರೂಮಿನಲ್ಲಿ ಹಿಂಡಿ ಚೆಲ್ಲಿದ್ದಳು. ಇವಳಿಗೇನು ವಿಶೇಷ?

ಅದೂ ಅಲ್ಲದೆ, ಪ್ರತಿಮಾಳನ್ನು ಈ ಮನೆಗೆ ತಂದವಳೇ ಅವಳು. ಬೀಳಗಿ ಕಡೆಯ ಅನಗವಾಡಿಗೆ ಹೆಣ್ಣು ನೋಡಲು ಹೋದಾಗ, ಹುಡುಗಿ ನರ್ಸಿಂಗ್ ಕಲಿತಿದ್ದಾಳೆಂದು ಕೇಳಿ, "ಇದನ್ನ ಮಾಡ್ಕೊಳ್ಳೂಣು, ನನ್ನ ಕೂಡ ಡ್ಯೂಟಿಗೆ ಬರ್ತಾಳ" ಎಂದು ಕರೆವ್ವನನ್ನು ಒಪ್ಪಿಸಿದ್ದಳು. ಆ ಹುಡುಗಿ ಈಗ ಎದುರು ನಿಂತು ಮಾತಾಡುತ್ತಾಳೆ.

ಕರೆವ್ವನ ಸೊಂಟ ಹಿಡಿದುಕೊಂಡಿತು. ರಾತ್ರಿ ಕೂಸನ್ನು ಎತ್ತಿ ತಿರುಗಾಡಿ ಬೆಳಿಗ್ಗೆ ಗೋಡೆ ಹಿಡಿದು ಏಳುತ್ತಿದ್ದಳು. ಒಂದು ಮುಂಜಾನೆ ಉಪ್ಪಿಟ್ಟು ತಿನ್ನುತ್ತಿದ್ದಾಗ ಸಂಧ್ಯಾ ಶಿವಾಜಿಯನ್ನು ಕೆಣಕಿದಳು.

"ಕೂಸಿಗೆ ಅಪ್ಪನೂ ಒಬ್ಬಾಂವ ಅದಾನಲ್ಲ? ಅಂಗಡಿ ಮುಚ್ಚಿದ ಮ್ಯಾಲ ಚಾದಂಗಡ್ಯಾಗ ಕೂಡೂದರ ಬದಲಿ ಮನಿಗೆ ಬಂದು ಎತ್ತಗೊಂಡ್ರ ಕೈ ಸವೀತಾವೇನು?"

ಶಿವಾಜಿಗಿಂತ ಮೊದಲು ಕರೆವ್ವ ಬಾಯಿ ತೆಗೆದಳು. "ದಿನವೆಲ್ಲಾ ನಿಂತು ಬಂದಿರ್ತಾನ. ಗಂಡಸು ಕೂಸಿನ ಹೇಲ ತೊಳೀತಾನೇನು?"

"ನಾವೇನು ಕುಂತು ಬಂದಿರ್ತೀವೇನ್ರಿ ಅತ್ತಿ?"

"ನಿನ್ನ ಗಂಡ ಎಂದರ ತೊಳದಾನೇನು? ಅಂವ ತೊಳೀಲಿ ಮೊದಲ, ಆಮ್ಯಾಲ ನನ್ನ ಸಣ್ಣ ಮಗಗ ಹೇಳಕ್ಯಂತ."

ಜ್ಞಾನೇಶ್ವರ ತಟ್ಟೆ ಹಿಡಿದುಕೊಂಡೇ ಮಗ್ಗದ ಕೋಣೆಗೆ ನಡೆದ. ಜಗಳ ತನ್ನ ಕಡೆ ತಿರುಗಿದರೆ ಮಗ್ಗ ಚಾಲೂ ಮಾಡುವುದು ಅವನ ಹಳೆಯ ರೂಢಿ.

ಇಷ್ಟಾದರೂ ಬಂಡಿ ಹೇಗೋ ಉರುಳುತ್ತಿತ್ತು. ಅದು ನಿಂತದ್ದು ಒಂದು ಗುರುವಾರ.

ಚಿಕ್ಕಪಡಸಲಗಿಯಲ್ಲಿ ಕರೆವ್ವನ ಅಣ್ಣ ತೀರಿಕೊಂಡನೆಂದು ಜ್ಞಾನೇಶ್ವರ ತಾಯಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ನಸುಕಿನಲ್ಲೇ ಹೋದ. ಶಿವಾಜಿ ಮಾಲು ತರಲು ಸಾವಕಾರರ ಜೊತೆ ಇಚಲಕರಂಜಿಗೆ ಹೋಗಿದ್ದ. ಪ್ರತಿಮಾಳಿಗೆ ಅವತ್ತು ರಜೆ. ಅಷ್ಟರಲ್ಲಿ ದವಾಖಾನೆಯ ಗಂಡು ನರ್ಸು ದುರಗೇಶ ಜ್ವರ ಬಂದಿದೆ ಎಂದು ಫೋನು ಮಾಡಿದ. ಆಗಲೇ ಜಮಖಂಡಿಯಲ್ಲಿದ್ದ ಸಂಧ್ಯಾ ಬೇರೆ ಇಬ್ಬರನ್ನು ಕೇಳಿದಳು. ಇಬ್ಬರೂ ಆಗುವುದಿಲ್ಲ ಎಂದರು. ಪ್ರತಿಮಾಳಿಗೆ ಫೋನು ಹಚ್ಚಿದಳು.

"ಮನ್ಯಾಗ ಯಾರೂ ಇಲ್ಲರಿ. ಕೂಸು ಯಾರ ಹತ್ರ ಬಿಡ್ಲಿ?"

"ಅದನ್ನ ನೀ ನೋಡ್ಕೊ. ಹತ್ತಕ್ಕ ವಾರ್ಡಿನ್ಯಾಗ ಇರಬೇಕು."

ಹತ್ತಕ್ಕೆ ಪ್ರತಿಮಾ ವಾರ್ಡಿನಲ್ಲಿದ್ದಳು. ಹೆಗಲ ಮೇಲೆ ವೀರೇಶನೂ ಇದ್ದ. ಯಾರಿಗೂ ಏನೂ ಹೇಳದೆ ಡ್ಯೂಟಿ ರೂಮಿನಲ್ಲಿ ಚಾದರ ಹಾಸಿ, ಸುತ್ತ ದಿಂಬು ಇಟ್ಟು, ಕೂಸನ್ನು ಮಲಗಿಸಿ ಕೆಲಸಕ್ಕೆ ಇಳಿದಳು. ಸಂಧ್ಯಾ ನೋಡಿ ಹಲ್ಲು ಕಚ್ಚಿದಳು, ಆದರೆ ಕಳಿಸಲು ಇನ್ನೊಬ್ಬರು ಇರಲಿಲ್ಲ. ದೊಡ್ಡ ಡಾಕ್ಟರು ರೌಂಡಿಗೆ ಬಂದ ಹೊತ್ತಿಗೆ ಸರಿಯಾಗಿ ಕೂಸು ಎದ್ದು ಗಂಟಲು ಹರಿಯುವಂತೆ ಅತ್ತಿತು. ಪ್ರತಿಮಾಳ ಕೈಯಲ್ಲಿ ಒಬ್ಬ ಮುದುಕನ ಸಲಾಯಿನ್ ಸೂಜಿ ಇತ್ತು. ಬಿಟ್ಟು ಬರಲಾಗಲಿಲ್ಲ.

ಡಾಕ್ಟರು ಕೂಸಿನ ಕಡೆ ನೋಡಲಿಲ್ಲ, ಸಂಧ್ಯಾಳ ಕಡೆ ನೋಡಿದರು. "ಸಂಧ್ಯಾ, ಇದು ದವಾಖಾನಿನೋ, ನಿಮ್ಮ ಮನಿ ಪಡಸಾಲಿನೋ?"

ವಾರ್ಡಿನ ಅಷ್ಟೂ ರೋಗಿಗಳು, ಅವರ ಕಡೆಯವರು, ಬಾಗಿಲ ಬಳಿ ಶೇವಂತಿ, ಎಲ್ಲರೂ ಕೇಳಿಸಿಕೊಂಡರು. ಮಧ್ಯಾಹ್ನ ಊಟ ಮಾಡದೆ ಸಂಧ್ಯಾ ಆಫೀಸಿನಲ್ಲಿ ಕೂತು ಮೆಮೊ ಟೈಪ್ ಮಾಡಿಸಿ, ಸಹಿ ಹಾಕಿ, ಪ್ರತಿಮಾಳ ಕೈಗೆ ಕೊಟ್ಟಳು. ಪ್ರತಿಮಾ ಓದಿದಳು. ಮಡಚಿ ಬ್ಯಾಗಿಗೆ ಹಾಕಿಕೊಂಡಳು. "ಹೂಂ" ಎಂದಳು, ಅಷ್ಟೆ.

ಆ ಸಂಜೆ ಅವರಿಬ್ಬರೂ ಒಂದೇ ಬಸ್ಸಿನಲ್ಲಿ ಬಂದರು, ಒಬ್ಬಳು ಮುಂದೆ, ಒಬ್ಬಳು ಹಿಂದೆ.

ಮಣ್ಣು ಕೊಟ್ಟು ಬಂದಿದ್ದ ಕರೆವ್ವ ತಲೆ ಮೇಲೆ ನೀರು ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಸ್ನೇಹಾ ಎಲ್ಲರಿಗೂ ತಾಟು ಹಾಕುತ್ತಿದ್ದಳು. ಪ್ರತಿಮಾ ಕೂಸನ್ನು ಅತ್ತೆಯ ಪಕ್ಕಕ್ಕೆ ಇಳಿಸಿ, ಬ್ಯಾಗಿನಿಂದ ಕಾಗದ ತೆಗೆದು ಸ್ನೇಹಾಳ ಕೈಗೆ ಕೊಟ್ಟಳು.

"ಓದವ್ವಾ, ಆಯಿಗೆ ಕೇಳೂಹಂಗ," ಎಂದು ಅತ್ತೆಯ ಕಡೆ ಕಣ್ಣು ತೋರಿಸಿದಳು.

"ಏನ ಚಿಗವ್ವಾ ಇದು?"

"ನಿಮ್ಮವ್ವ ಕೊಟ್ಟಾರ. ಓದು."

"ಸ್ನೇಹಾ, ಇತ್ಲಾಗ ತಾ ಅದನ್ನ," ಎಂದಳು ಸಂಧ್ಯಾ.

ಹುಡುಗಿ ಆಗಲೇ ಸಾಲೆಯ ದನಿಯಲ್ಲಿ ಶುರುಮಾಡಿದ್ದಳು: "ಶ್ರೀಮತಿ ಪ್ರತಿಮಾ ಇವರಿಗೆ. ಕರ್ತವ್ಯದ ವೇಳೆಯಲ್ಲಿ ತಮ್ಮ ಮಗುವನ್ನು ವಾರ್ಡಿಗೆ ಕರೆತಂದು ರೋಗಿಗಳಿಗೆ ತೊಂದರೆ ಉಂಟುಮಾಡಿದ್ದು ಗಂಭೀರ ಅಶಿಸ್ತಾಗಿದ್ದು, ಈ ಕುರಿತು ಲಿಖಿತ ವಿವರಣೆ ನೀಡತಕ್ಕದ್ದು. ತಪ್ಪಿದಲ್ಲಿ..." ಇಲ್ಲಿಗೆ ನಿಲ್ಲಿಸಿ ಕೆಳಗೆ ನೋಡಿದಳು. "ಮಮ್ಮಿ, ನಿನ್ನ ಸಹಿ ಐತಿ."

ಕರೆವ್ವನಿಗೆ ಮಾತುಗಳು ಪೂರಾ ತಿಳಿಯಲಿಲ್ಲ. ಅರ್ಥ ಮಾತ್ರ ತಿಳಿಯಿತು.

"ಮನಿ ಸೊಸಿಗೆ ನೋಟಿಸ್ ಕೊಟ್ಟಿ?"

"ಅದು ದವಾಖಾನಿ ವಿಷಯ ಐತ್ರಿ ಅತ್ತಿ."

"ಕೂಸು ದವಾಖಾನೀದೇನು? ನನ್ನ ಮೊಮ್ಮಗ ಅದು. ಅದು ಅತ್ರ ಅಶಿಸ್ತು? ನಿನ್ನ ಮಗಳು ಅತ್ತಾಗ ಏನಾಗಿತ್ತು? ಮೂರ ವರ್ಷ ಎದಿಮ್ಯಾಲ ಹಾಕ್ಕೊಂಡು ಮಲಗೀನಿ ಈಕಿನ್ನ. ನೀ ಪಗಾರ ತಂದಿ, ಮ್ಯಾಲ ಏರಿದಿ, ಮೇಡಂ ಆದಿ. ನನಗ ಯಾರ ಏನ ಕೊಟ್ರು? ಮಗ್ಗಕ್ಕ ನೂಲಿನ ಕಂಡಿಕಿ ಸುತ್ತಿ ಸುತ್ತಿ ಹೋದ ಸೊಂಟದ ಮ್ಯಾಲ ನಿಮ್ಮ ಕೂಸುಗಳ್ನ ಹೊತ್ತೀನಿ."

"ನಾ ನಿಮಗೇನು ಅಂದಿಲ್ಲರಿ."

"ಅನ್ನಬ್ಯಾಡ. ನೀವೆಲ್ಲಾ ನೌಕರಿ ಮಾಡೋರಲ್ಲ? ನಂದೂ ನೌಕರಿನ. ನಾಳಿಂದ ನಾ ರಜಾ. ಕೂಸು ನನ್ನ ಹತ್ರ ಬಿಡಬ್ಯಾಡ್ರಿ. ನನಗೂ ಒಂದು ನೋಟಿಸ್ ಕೊಡು, ಗ್ವಾಡಿಗೆ ಹಚ್ಕೊಂತೀನಿ."

"ನನಗೂ ಒಂದು ಕೊಡು ಮಮ್ಮಿ," ಎಂದಳು ಸ್ನೇಹಾ. ಅವಳ ದನಿಯಲ್ಲಿ ಚೇಷ್ಟೆ ಇರಲಿಲ್ಲ. "ಸೋಮವಾರ ಗಣಿತ ಟೆಸ್ಟಿಗೆ ನಾ ಹೋಗಿಲ್ಲ."

"ಯಾಕ?"

"ಆಯಿಗೆ ಎದ್ದ ಕೂಡಾಕ ಆಗಿದ್ದಿಲ್ಲ. ಚಿಗವ್ವ ನೈಟ್ ಮುಗಿಸಿ ಬಂದಿದ್ದಿಲ್ಲ. ನೀ ಏಳು ಗಂಟೆ ಬಸ್ಸಿಗೆ ಹ್ವಾದಿ. ಕೂಸು ಯಾರ ಹಿಡೀಬೇಕು?"

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಏನಂತಿದ್ದಿ? ಹೊಂದಿಸ್ಕೊ ಅಂತಿದ್ದಿ."

ಸಂಧ್ಯಾ ಕೈ ಎತ್ತಿದಳು. ಜ್ಞಾನೇಶ್ವರ ನಡುವೆ ಬಂದ. "ಊರ ದವಾಖಾನಿ ಸುಧಾರಿಸಾಕ ಹೊಂಟಾಳ, ಮನ್ಯಾಗಿನ ಹುಡುಗಿ ಸಾಲಿಗೆ ಹ್ವಾದ್ಲೋ ಇಲ್ಲೋ ಗೊತ್ತಿಲ್ಲ ಈಕಿಗೆ" ಎಂದ.

"ನೀವು ಮನ್ಯಾಗ ಇದ್ರಲ್ಲ? ನಿಮಗ ಗೊತ್ತಿತ್ತೇನು?"

ಅವನಿಗೂ ಗೊತ್ತಿರಲಿಲ್ಲ. ಆ ಹೊತ್ತಿಗೆ ಮಗ್ಗ ನಡೆದಿತ್ತು. ಬಡಿಸಿದ ಮಡಕಿಕಾಳಿನ ಪಲ್ಯ ತಾಟುಗಳಲ್ಲೇ ಆರಿತು.

ಮರುದಿನ ಬೆಳಿಗ್ಗೆ ಪ್ರತಿಮಾ ಕೂಸಿನ ಅರಿವೆ ಚೀಲಕ್ಕೆ ತುಂಬಿ ಅನಗವಾಡಿಯ ತವರಿಗೆ ಹೊರಟಳು. ಶಿವಾಜಿ ಬೇಡ ಎನ್ನಲಿಲ್ಲ, ಬಸ್ಸಿಗೆ ಹತ್ತಿಸಿ ಬಂದ. ಮೆಮೊಗೆ ವಿವರಣೆ ಬರಲಿಲ್ಲ. ಮುಂದಿನ ವಾರ ರಾಜೀನಾಮೆ ಬಂತು. ಮುಧೋಳದ ಒಂದು ದವಾಖಾನೆಯಲ್ಲಿ ಹಗಲು ಪಾಳಿಯ ಕೆಲಸ ಒಪ್ಪಿಕೊಂಡಿದ್ದಾಳೆಂಬ ಸುದ್ದಿಯನ್ನು ಶೇವಂತಿಯೇ ಸಂಧ್ಯಾಳಿಗೆ ಮುಟ್ಟಿಸಿದಳು.

"ನಿಮಗ ಗೊತ್ತಿದ್ದಿಲ್ಲೇನ್ರಿ? ಒಂದ ಮನ್ಯಾಗ ಇರ್ತೀರಿ ಅಂತ ತಿಳ್ಕೊಂಡಿದ್ದೆ."

ಪ್ರತಿಮಾಳ ನೈಟುಗಳನ್ನು ಮಾಡುವವರು ಯಾರೂ ಸಿಗಲಿಲ್ಲ. ಸಂಧ್ಯಾಳೇ ಮಾಡಿದಳು. ಹಗಲು ಇನ್‌ಚಾರ್ಜ್ ಕೆಲಸ, ರಾತ್ರಿ ವಾರ್ಡು. ಮನೆಯಲ್ಲಿ ಕರೆವ್ವ ತನ್ನ ಮಾತಿನಂತೆಯೇ ನಡೆದಳು. ತನ್ನ ತಾಟು ತೊಳೆದು ಬೋರಲು ಹಾಕಿ ಜಪಮಣಿ ಹಿಡಿದು ಕೂತರೆ ಯಾರು ಕರೆದರೂ ಏಳುತ್ತಿರಲಿಲ್ಲ. ಜ್ಞಾನೇಶ್ವರ ಮೂರು ದಿನ ಹೋಟೆಲಿನಿಂದ ಇಡ್ಲಿ ತಂದ. ನಾಲ್ಕನೇ ದಿನ ಸ್ನೇಹಾ ಅಡ್ಡಾದಿಡ್ಡಿ ರೊಟ್ಟಿ ಮಾಡಿದಳು. ತಾಯಿಯ ಜೊತೆ ಮಾತಾಡಲಿಲ್ಲ.

ಅಂಥ ಒಂದು ಸಂಜೆ ಡ್ಯೂಟಿಗೆ ಹೋಗುವಾಗ ಸಂಧ್ಯಾ ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ದುರಗೇಶನನ್ನು ಕಂಡಳು. ಅವನು ಮತ್ತೆ ಜ್ವರ ಎಂದು ರಜೆ ಹಾಕಿದ್ದ. ಪಕ್ಕದಲ್ಲಿ ಅವನ ಪುಟ್ಟ ಮಗಳು, ಕಿವಿಯಲ್ಲಿ ಹೊಸ ಯಂತ್ರ ಹಾಕಿಕೊಂಡು ಕಬ್ಬಿನ ಹಾಲು ಕುಡಿಯುತ್ತಿದ್ದಳು.

"ಜ್ವರ ಬಿಟ್ಟಾವೇನು?" ಎಂದಳು ಸಂಧ್ಯಾ.

ದುರಗೇಶ ಹೆದರಲಿಲ್ಲ. "ಜ್ವರ ಬಂದಿದ್ದ ಇಲ್ಲರಿ. ಮಗಳನ್ನ ಬಾಗಲಕೋಟಿಗೆ ಕರಕೊಂಡು ಹೋಗಿದ್ದೆ. ಈಕಿಗೆ ಕಿವಿ ಕೇಳೂದಿಲ್ಲ. ಮಾತ ಕಲಸ್ತಾರ ಅಲ್ಲಿ."

"ಆ ಗುರುವಾರನೂ?"

"ಆ ಗುರುವಾರನೂ."

"ಖರೆ ಹೇಳಾಕ ಏನಾಗಿತ್ತು ನಿನಗ? ನೀ ಸುಳ್ಳ ಹೇಳಿದ್ದಕ್ಕ ಅವತ್ತ ಏನೇನಾತು ಗೊತ್ತೈತೇನು?"

"ಖರೆ ಹೇಳಿದ್ರ ಬಿಡತಿದ್ರೇನ್ರಿ? ಮನಿ ತಾಪತ್ರಯ ಇಲ್ಲಿ ತರಬ್ಯಾಡ ಅಂತ ನಿಮ್ಮ ಮನಿಯಾಕಿಗೇ ಅಂದ್ರಿ, ನಾ ನಿಂತು ಕೇಳೀನಿ. ಮತ್ತ ನಮಗೇನು ಅಂತೀರಿ? ಜ್ವರ ಅಂದ್ರ ಬಿಡ್ತೀರಿ. ಅದಕ್ಕ ನಮಗೆಲ್ಲಾರಿಗೂ ಜ್ವರಾನ ಬರ್ತಾವು."

ಬಸ್ಸು ಬಂತೆಂದು ಅವನು ಮಗಳನ್ನು ಎತ್ತಿಕೊಂಡು ಹೋದ. ಸಂಧ್ಯಾ ಅಲ್ಲೇ ಸಿಮೆಂಟ್ ಕಟ್ಟೆಯ ಮೇಲೆ ಕೂತಳು. ಡ್ಯೂಟಿಗೆ ತಡವಾಗುತ್ತಿತ್ತು. ಅವನಿಗೆ ಮೆಮೊ ಕೊಡಬೇಕೆಂದು ಮೊದಲು ಅನ್ನಿಸಿತು. ಆಮೇಲೆ, ಕೊಟ್ಟರೆ ಅವನೂ ಮುಧೋಳಕ್ಕೆ ಹೋಗುತ್ತಾನೆ ಎನ್ನಿಸಿತು. ಆಮೇಲೆ ಆ ಹುಡುಗಿಯ ಕಿವಿ ನೆನಪಾಯಿತು. ಇಷ್ಟು ದಿನ ಒಟ್ಟಿಗೆ ಕೆಲಸ ಮಾಡಿದರೂ ಅವನಿಗೊಬ್ಬಳು ಮಗಳಿದ್ದಾಳೆಂಬುದೇ ತನಗೆ ಗೊತ್ತಿರಲಿಲ್ಲ.

ಎರಡು ದಿನ ಬಿಟ್ಟು ಅವಳು ದೊಡ್ಡ ಡಾಕ್ಟರ ಕೋಣೆಗೆ ಹೋದಳು.

"ಸರ್, ಮುಂದಿನ ಲಿಸ್ಟ್ ಮಾಡೂ ಮೊದಲ ಎಲ್ಲಾರ್ನೂ ಕೂಡಿಸಿ ಕೇಳಬೇಕಂತ ಮಾಡೀನ್ರಿ. ಯಾರಿಗೆ ಯಾವಾಗ ಆಗೂದಿಲ್ಲ ಅಂತ."

"ಕೇಳಿದ್ರ ಯಾರಿಗೂ ಯಾವಾಗೂ ಆಗೂದಿಲ್ಲ. ನೀವು ಕಟ್ಟುನಿಟ್ಟು ಅದೀರಿ ಅಂತಾನ ನಿಮ್ಮನ್ನ ಇನ್‌ಚಾರ್ಜ್ ಮಾಡಿದ್ದು."

"ಕಟ್ಟುನಿಟ್ಟು ಮಾಡಿ ಒಬ್ಬಾಕಿನ್ನ ಕಳಕೊಂಡೇವ್ರಿ. ಇನ್ನಿಬ್ಬರು ಮುಧೋಳದ ಫೋನ್ ನಂಬರ್ ತಗೊಂಡಾರ."

"ನಿಮ್ಮ ಮನಿ ಜಗಳ ತಂದು ನನ್ನ ಟೇಬಲ್ ಮ್ಯಾಲ ಇಡಬ್ಯಾಡ್ರಿ."

"ನಿಮ್ಮ ದವಾಖಾನಿ ಜಗಳ ನನ್ನ ಮನಿಗೆ ಹೋಗೈತ್ರಿ, ಸರ್. ಅದಕ್ಕ ಹೇಳಾಕತ್ತೀನಿ."

ಡಾಕ್ಟರು ಕನ್ನಡಕ ತೆಗೆದು ಅವಳನ್ನು ನೋಡಿದರು. ಸಂಧ್ಯಾ ಅವರೆದುರು ಹೀಗೆ ಮಾತಾಡಿದ್ದು ಅದೇ ಮೊದಲು. "ಒಂದ ತಿಂಗಳ ಮಾಡ್ರಿ. ಎಲ್ಲೆರ ಒಂದ ಪಾಳಿ ಖಾಲಿ ಬಿತ್ತಂದ್ರ ನೀವ ಬಂದು ನಿಲ್ಲಬೇಕು."

"ಈಗೂ ನಾನ ನಿಂತೀನ್ರಿ," ಎಂದು ಹೊರಗೆ ಬಂದಳು.

ಡ್ಯೂಟಿ ರೂಮಿನಲ್ಲಿ ಎಲ್ಲರೂ ಸೇರಿದರು. ಸಂಧ್ಯಾ ಕೇಳಿದಳು. ಇದರಲ್ಲಿ ಏನೋ ಮಸಲತ್ತಿದೆ ಎಂಬಂತೆ ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು.

"ನಂದ ಮೊದಲ ಹೇಳ್ತೀನಿ," ಎಂದಳು ಸಂಧ್ಯಾ. ರೋಗಿಯ ಸಾವಿನ ಸುದ್ದಿಯನ್ನು ಮನೆಯವರಿಗೆ ಎಷ್ಟೋ ಸಲ ಹೇಳಿದವಳಿಗೆ ಇದು ಕಷ್ಟವಾಯಿತು. "ಸೋಮವಾರ ಬೆಳಿಗ್ಗೆ ನಾ ತಡಾ ಮಾಡಿ ಬರ್ತೀನಿ. ಅವತ್ತ ನನ್ನ ಮಗಳ ಟೆಸ್ಟ್ ಇರ್ತಾವು. ಆಕಿ ಸಾಲಿಗೆ ಹೋದದ್ದು ನೋಡಿ ಬರ್ತೀನಿ. ಬುಧವಾರ ನನ್ನ ವಾರದ ರಜಾ, ಅದರಾಗ ಫೋನ್ ಬ್ಯಾಡ."

ದುರಗೇಶ ನೆಲ ನೋಡುತ್ತ, "ನನಗ ಗುರುವಾರ ಬಾಗಲಕೋಟಿ" ಎಂದ. ಒಬ್ಬ ಹುಡುಗಿ ಪರೀಕ್ಷೆ ಕಟ್ಟಿದ್ದೇನೆ ಎಂದಳು. ಇನ್ನೊಬ್ಬಳು ಸಂಜೆ ಬಸ್ಸಿನ ತೊಂದರೆ ಹೇಳಿದಳು. ಸಮೀರವಾಡಿಯಿಂದ ಬರುವವಳು ನೈಟ್ ಆದರೆ ತನಗೆ ಅನುಕೂಲ, ಗಂಡ ಫ್ಯಾಕ್ಟರಿಯಲ್ಲಿ ಹಗಲು ಪಾಳಿಯಲ್ಲಿದ್ದಾನೆ, ರಾತ್ರಿ ಮಕ್ಕಳ ಹತ್ತಿರ ಅವನಿರುತ್ತಾನೆ ಎಂದಾಗ ಸಂಧ್ಯಾ ಬೆರಗಾದಳು. ಅವಳಿಗೆ ಪಾಪ ಎಂದು ನೈಟ್ ಕಡಿಮೆ ಹಾಕುತ್ತಿದ್ದಳು.

ಶೇವಂತಿ ಕೊನೆಗೆ ಎದ್ದಳು. ಮುಖ ಕೆಂಪಾಗಿತ್ತು.

"ಈಗ ಕೇಳಾಕತ್ತೀರೇನು? ನನ್ನ ಮಕ್ಕಳು ಮೀಸಿ ಬಿಟ್ಟು ಅಡ್ಡಾಡಾಕತ್ತಾರ. ಅವು ಸಣ್ಣವಿದ್ದಾಗ ಯಾರ ಕೇಳಿದ್ರು ನನ್ನ? ಸಣ್ಣಾಂವಗ ಕಾಮಾಲಿ ಆದಾಗ ಮೂರ ನೈಟ್ ಮಾಡೀನಿ. ನಾವು ಮಾಡಲಿಲ್ಲೇನು? ಈಗಿನವರಿಗೆ ಯಾಕ ಈ ಲಾಡು-ಮುದ್ದು?"

ಶೇವಂತಿಯ ಬಾಯಿಂದ ಬಂದದ್ದು ಸಂಧ್ಯಾಳದೇ ಮಾತು. ಇಷ್ಟು ತಿಂಗಳು ತಾನು ಒಳಗೊಳಗೇ ಹೇಳಿಕೊಂಡದ್ದು, ಅಕ್ಷರವೂ ಬಿಡದೆ.

"ಕೇಳಬೇಕಾಗಿತ್ರಿ, ಕೇಳಲಿಲ್ಲ," ಎಂದಳು. "ನಿಮಗೂ ಕೇಳಲಿಲ್ಲ, ನನಗೂ ಕೇಳಲಿಲ್ಲ. ಈಗ ಹೇಳ್ರಿ, ನಿಮಗ ಯಾವುದು ಆಗೂದಿಲ್ಲ?"

"ನನಗೇನೂ ಬ್ಯಾಡ," ಎಂದು ಶೇವಂತಿ ಬಾಗಿಲು ದಾಟಿದಳು. ಎರಡು ಹೆಜ್ಜೆ ಹೋಗಿ, ಹಿಂದಿರುಗಿ ನೋಡದೆಯೇ ಕೂಗಿ ಹೇಳಿದಳು: "ಮೂರನೇ ಮಜಲಿ ಹತ್ತಾಕ ಆಗೂದಿಲ್ಲ. ಮೊಣಕಾಲ ನೂಸ್ತಾವು."

ಸಂಧ್ಯಾ ಅದನ್ನೂ ಬರೆದುಕೊಂಡಳು.

ಪ್ರತಿಮಾ ಅನಗವಾಡಿಯಿಂದ ತಿರುಗಿ ಬಂದದ್ದು ಶಿವಾಜಿ ಎರಡು ಸಲ ಹೋಗಿ ಕರೆದ ಮೇಲೆ. ಬಂದವಳು ಯಾರೊಡನೆಯೂ ನಗಲಿಲ್ಲ. ಸಂಧ್ಯಾ ಅವತ್ತು ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಊಟಕ್ಕೆ ಎಲ್ಲರನ್ನೂ ಕೂರಿಸಿ ಹೇಳಿದಳು.

"ಅತ್ತಿ ರಾತ್ರಿ ಕೂಸು ಎತ್ತೂದಿಲ್ಲ. ಹಗಲು ಎತ್ತಿದ್ರ ಅವರ ಮನಸ್ಸು. ಶಿವಾಜಿ, ನೀ ಅಂಗಡಿ ಬಿಟ್ಟ ಕೂಡ್ಲೆ ಮನಿಗೆ. ಸಂಜೀ ಮುಂದ ಪ್ರತಿಮಾ ಬರೂತನಕ ಇವರು ಎರಡ ತಾಸು ಮಗ್ಗ ಬಂದ್ ಮಾಡಿ ಕೂಸು ನೋಡ್ತಾರ. ರೊಟ್ಟಿ ಬಿಟ್ಟು ಉಳದ ಅಡಗಿ ಗಂಡಸರು ಕಲೀಬೇಕು. ಸ್ನೇಹಾ ಸಾಲಿ ಬಿಟ್ಟು ಏನೂ ಮಾಡೂದಿಲ್ಲ."

"ಮಗ್ಗ ಬಂದ್ ಮಾಡಿ ಕೂಸು ಹಿಡಕೊಂಡು ಕೂಡಬೇಕೇನು ನಾನು?" ಎಂದ ಜ್ಞಾನೇಶ್ವರ.

"ಹೌದು."

"ಇಲ್ಲೂ ಲಿಸ್ಟ್ ಹಚ್ಚಿದ್ಲಪ್ಪೋ," ಎಂದು ಕರೆವ್ವ ಗೊಣಗಿದಳು. "ನನ್ನ ಮಕ್ಕಳ ಕೈಯಾಗ ಸೌಟು ಕೊಟ್ಟು ಓಣಿ ಮಂದಿ ಮುಂದ ನಗಸ್ತಾಳ ಈಕಿ." ಆದರೂ ತನ್ನ ರಾತ್ರಿಯ ಪಾಳಿ ಹೋಯಿತೆಂಬುದನ್ನು ಮಾತ್ರ ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು.

ಪ್ರತಿಮಾ ರೊಟ್ಟಿ ಮುರಿಯುತ್ತ ಹೇಳಿದಳು: "ಇದೆಲ್ಲಾ ನನ್ನ ಸಲುವಾಗಿ ಮಾಡೀರಂದ್ರ, ನಾ ಜಮಖಂಡಿಗೆ ತಿರುಗಿ ಬರಾಂಗಿಲ್ಲರಿ. ಮುಧೋಳಕ್ಕ ಹೋಗಾಕಿನ."

"ದೂರ ಆಕ್ಕೈತಿ."

"ಆಗಲ್ರಿ."

ಸಂಧ್ಯಾಳ ಬಾಯಿಗೆ ಬಿಸಿ ಉತ್ತರ ಬಂತು, ಎಣ್ಣೆಗಾಯಿಯ ಜೊತೆ ನುಂಗಿದಳು. "ಯಾವತ್ತಿಂದ?" ಎಂದಷ್ಟೇ ಕೇಳಿದಳು.

"ಬುಧವಾರದಿಂದ."

ಬುಧವಾರ ಬೆಳಿಗ್ಗೆ ಸಂಧ್ಯಾಳೇ ಕೂಸನ್ನು ಎತ್ತಿಕೊಂಡು ರಬಕವಿ ಬಸ್‌ಸ್ಟ್ಯಾಂಡಿಗೆ ಬಂದಳು. ಶಿವಾಜಿಗೆ ಅಂಗಡಿ, ಕರೆವ್ವ ಏಳಲಿಲ್ಲ. ಪ್ರತಿಮಾ ಹೊಸ ಬ್ಯಾಗು ಹೆಗಲಿಗೆ ಹಾಕಿ ಒಂದು ಮಾರು ದೂರ ನಿಂತಿದ್ದಳು. ಬಸ್ಸು ತಡವಾಯಿತು. ಸುಮ್ಮನೆ ನಿಲ್ಲಲಾಗದೆ ಸಂಧ್ಯಾ ಕೇಳಿದಳು.

"ಸಂಜಿಕ ಎಷ್ಟಕ್ಕ ಬರ್ತಿ?"

"ಐದಕ್ಕ ಬಿಡ್ತಾರ್ರಿ. ಕೂಸು ಐತಿ ಅಂತ ಮೊದಲಿಗೇ ಹೇಳೀನಿ ಅಲ್ಲಿ ಮೇಡಂಗ."

"ಏನಂದ್ರು?"

"ಏನೂ ಅನ್ನಲಿಲ್ಲ. ಹೆಸರೇನು ಇಟ್ಟಿ ಅಂದ್ರು." ಪ್ರತಿಮಾ ಮೊದಲ ಬಾರಿ ಅವಳ ಮುಖವನ್ನು ನೇರ ನೋಡಿದಳು. "ಅಷ್ಟ ಕೇಳಿದ್ರು, ಅಕ್ಕಾ. ನೌಕರಿ ಅಲ್ಲೇ ಒಪ್ಪಗೊಂಡೆ."

ಮಹಾಲಿಂಗಪುರದ ಮೇಲೆ ಮುಧೋಳಕ್ಕೆ ಹೋಗುವ ಬಸ್ಸು ಬಂತು. ತಾಯಿ ಹತ್ತಿದ್ದನ್ನು ನೋಡಿ ವೀರೇಶ ಚೀರಿದ. ಬೆನ್ನು ಹಿಂದಕ್ಕೆ ಬಿಲ್ಲಾಗಿಸಿ ಒದ್ದ, ಸಂಧ್ಯಾಳ ಕೂದಲು ಹಿಡಿದು ಜಗ್ಗಿದ. ಪ್ರತಿಮಾ ಕಿಟಕಿಯಿಂದ ನೋಡಲಿಲ್ಲ. ನೋಡಿದರೆ ಇಳಿದುಬಿಡುತ್ತಾಳೆಂದು ಸಂಧ್ಯಾಳಿಗೆ ಗೊತ್ತಿತ್ತು. ಬೇಗ ಹೋಗಲಿ ಎಂದು ಬಸ್ಸಿಗೆ ಬೆನ್ನು ತಿರುಗಿಸಿ ನಡೆದಳು. ಕೂಸಿನ ಅಳುವಿಗೆ ಬೀದಿಯವರು ತಿರುಗಿ ನೋಡಿದರು. ನೂಲಿನ ಅಂಗಡಿಯ ಲಗಮಣ್ಣ ಗಲ್ಲಾಪೆಟ್ಟಿಗೆಯ ಮುಂದೆ ಕೂತಲ್ಲಿಂದಲೇ ಕೂಗಿದ.

"ಏನ್ರಿ ಮೇಡಂ, ಇವತ್ತ ಡ್ಯೂಟಿ ಇಲ್ಲೇನು?"

"ಐತಲ್ಲರಿ," ಎಂದಳು ಸಂಧ್ಯಾ, ಒದೆಯುತ್ತಿದ್ದ ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಳ್ಳುತ್ತ. "ಐದರ ತನಕ."